ಎರಡು ಲೋಟ, ಒಂದು ಚಿಟಿಕೆ ಉಪ್ಪು

ನಿಮ್ಮ ಮನೆಗೂ ಅವರು ಬಂದಿರಬಹುದು. ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಟೈ, ಹೆಗಲಿಗೊಂದು ಚೀಲ. "ಏನೂ ಮಾರೋದಕ್ಕೆ ಬಂದಿಲ್ಲ ಮೇಡಂ, ನಿಮ್ಮ ಮನೆ ನೀರನ್ನ ಫ್ರೀಯಾಗಿ ಟೆಸ್ಟ್ ಮಾಡಿಕೊಡ್ತೀವಿ" ಎನ್ನುತ್ತಾರೆ. ಪರೀಕ್ಷೆ ತಾನೆ, ಆಗಲಿ ಎಂದು ನೀವು ಒಳಗೆ ಕರೆಯುತ್ತೀರಿ. ಮೇಜಿನ ಮೇಲೆ ಎರಡು ಗಾಜಿನ ಲೋಟಗಳು ಬರುತ್ತವೆ. ಒಂದರಲ್ಲಿ ನಿಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವರೇ ತಂದ 'ಶುದ್ಧ' ನೀರು. ಕಣ್ಣಿಗೆ ಎರಡೂ ಒಂದೇ. ಚೀಲದಿಂದ ಪುಟ್ಟ ಪೆಟ್ಟಿಗೆಯೊಂದು ಹೊರಬರುತ್ತದೆ. ಅದಕ್ಕೆ ಎರಡು ಜೊತೆ ಲೋಹದ ಕಡ್ಡಿಗಳು. ಒಂದೊಂದು ಜೊತೆಯನ್ನು ಒಂದೊಂದು ಲೋಟಕ್ಕೆ ಇಳಿಸಿ ಪ್ಲಗ್ಗನ್ನು ಗೋಡೆಗೆ ಚುಚ್ಚಿ ಸ್ವಿಚ್ ಒತ್ತುತ್ತಾರೆ.

ಒಂದೆರಡು ನಿಮಿಷದಲ್ಲಿ ನಿಮ್ಮ ನೀರು ಹಸಿರಾಗಿ, ಕಂದಾಗಿ, ಕೊನೆಗೆ ಚರಂಡಿಯಿಂದ ಎತ್ತಿ ತಂದಂತಾಗುತ್ತದೆ. ಮೇಲೆ ನೊರೆ, ಕೆಳಗೆ ಗಷ್ಟು. ಅವರ ಲೋಟ ಮಾತ್ರ ತಿಳಿಯಾಗಿಯೇ ಇರುತ್ತದೆ. "ನೋಡಿ ಮೇಡಂ, ಮಕ್ಕಳು ದಿನಾ ಕುಡೀತಿರೋದು ಇದನ್ನೇ." ಅಲ್ಲಿಗೆ ಹದಿನೈದು ಸಾವಿರ ರೂಪಾಯಿಯ ಯಂತ್ರವೊಂದು ಅರ್ಧ ಮಾರಾಟವಾದಂತೆ.

ಇದರಲ್ಲಿ ಕೈಚಳಕವೇನಾದರೂ ಇದೆಯೆ? ಇಲ್ಲ. ಯಾರೂ ಕದ್ದು ಬಣ್ಣ ಬೆರೆಸಿಲ್ಲ. ಪ್ರಯೋಗ ನಿಜ, ಫಲಿತಾಂಶವೂ ನಿಜ. ವ್ಯಾಖ್ಯಾನ ಮಾತ್ರ ಸುಳ್ಳು. ಎಲ್ಲರ ಕಣ್ಣೂ ನೀರಿನ ಮೇಲಿರುವಾಗ ಕಡ್ಡಿಗಳನ್ನು ನೋಡುವವರು ಇರುವುದಿಲ್ಲ. ಅದೇ ಈ ಪ್ರದರ್ಶನದ ಗುಟ್ಟು.

ಕಡ್ಡಿಗಳಲ್ಲಿ ಕನಿಷ್ಠ ಒಂದಾದರೂ ಕಬ್ಬಿಣದ್ದು. ವಿದ್ಯುತ್ತಿನ ಧನಧ್ರುವಕ್ಕೆ ಸೇರಿದ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗಿಳಿಯುತ್ತದೆ. ಋಣಧ್ರುವದಲ್ಲಿ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳು ಮೇಲೇಳುತ್ತವೆ, ಹೈಡ್ರಾಕ್ಸಿಲ್ ಅಯಾನುಗಳು ನೀರಿನಲ್ಲಿ ಉಳಿಯುತ್ತವೆ. ಇವೆರಡೂ ಕೂಡಿದರೆ ಮೊದಲು ಹಸಿರು ಛಾಯೆಯ ಫೆರಸ್ ಹೈಡ್ರಾಕ್ಸೈಡ್. ಅದಕ್ಕೆ ಗಾಳಿಯ ಆಕ್ಸಿಜನ್ ತಗುಲಿದರೆ ಕಂದು ಬಣ್ಣದ ಫೆರಿಕ್ ಹೈಡ್ರಾಕ್ಸೈಡ್. ಮಳೆಗಾಲದಲ್ಲಿ ಗೇಟಿನ ಚಿಲಕಕ್ಕೆ ಹಿಡಿಯುವ ತುಕ್ಕಿನ ಹತ್ತಿರದ ಬಂಧು ಇದು. ಲೋಟದಲ್ಲಿ ಕಂಡ 'ಕೊಳೆ' ನಿಮ್ಮ ನೀರಿನದಲ್ಲ, ಅವರ ಕಡ್ಡಿಯದು.

ಹಾಗಿದ್ದರೆ ಇನ್ನೊಂದು ಲೋಟವೇಕೆ ತಿಳಿಯಾಗಿತ್ತು? ಅಲ್ಲಿಯೂ ಅದೇ ಕಡ್ಡಿ, ಅದೇ ವಿದ್ಯುತ್ತು. ಆದರೆ ನೀರಿನಲ್ಲಿ ಲವಣಗಳು ಬಹಳ ಕಡಿಮೆ. ಲವಣಗಳ ಅಯಾನುಗಳಿಲ್ಲದ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ವಿದ್ಯುತ್ತು ಹರಿಯದಿದ್ದರೆ ಕಬ್ಬಿಣ ಕರಗುವುದಿಲ್ಲ. ಅಂದರೆ ಈ ಪ್ರಯೋಗ ಉತ್ತರಿಸಿದ ಪ್ರಶ್ನೆ 'ಯಾವ ನೀರು ಕೊಳಕು?' ಎಂಬುದಲ್ಲ, 'ಯಾವ ನೀರಿನಲ್ಲಿ ವಿದ್ಯುತ್ತು ಹೆಚ್ಚು ಹರಿಯುತ್ತದೆ?' ಎಂಬುದು.

ನಮ್ಮ ಮಾತನ್ನೂ ಸುಮ್ಮನೆ ನಂಬಬೇಡಿ. ನೀವೇ ಮಾಡಿ ನೋಡಿ. ಆದರೆ ಒಂದು ಎಚ್ಚರಿಕೆ: ಗೋಡೆಯ ಪ್ಲಗ್ಗಿನ 230 ವೋಲ್ಟ್‌ಗೂ ನೀರಿಗೂ ಸಂಬಂಧ ಬೆಳೆಸುವ ಪ್ರಯೋಗ ಯಾವ ಕಾರಣಕ್ಕೂ ಬೇಡ. ಆಟಿಕೆಗಳಿಗೆ ಹಾಕುವ 9 ವೋಲ್ಟಿನ ಚೌಕದ ಬ್ಯಾಟರಿ ಸಾಕು. ಜೊತೆಗೆ ಎರಡು ತುಂಡು ತಂತಿ, ಎರಡು ಕಬ್ಬಿಣದ ಮೊಳೆ, ಎರಡೂ ತುದಿ ಹೆರೆದ ಎರಡು ಪೆನ್ಸಿಲ್ ಮತ್ತು ನಾಲ್ಕು ಲೋಟ ಬೇಕು. ಮೊಳೆಗಳಿಗೆ ಸತುವಿನ ಲೇಪ ಇರಬಾರದು. ಅವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿ. ಶುದ್ಧ ನೀರಿಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಮನೆಯಲ್ಲಿ ಆರ್.ಓ. ಯಂತ್ರವಿದ್ದರೆ ಅದರ ನೀರೂ ಆದೀತು.

ಮೊದಲ ಲೋಟಕ್ಕೆ ಶುದ್ಧ ನೀರು. ಎರಡು ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿ ಹತ್ತು ನಿಮಿಷ ಕಾಯಿರಿ. ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಎರಡನೆಯ ಲೋಟಕ್ಕೆ ಅದೇ ಶುದ್ಧ ನೀರು, ಜೊತೆಗೆ ಒಂದು ಸಣ್ಣ ಚಿಟಿಕೆ ಅಡುಗೆ ಉಪ್ಪು. ಈಗ ನೋಡಿ: ಒಂದು ಮೊಳೆಯ ಸುತ್ತ ಗುಳ್ಳೆಗಳು, ಇನ್ನೊಂದರ ಬುಡದಲ್ಲಿ ಹಸಿರು ಮೋಡ, ಸ್ವಲ್ಪ ಹೊತ್ತಿಗೆ ಕಂದು. ಸಾವಿರಾರು ರೂಪಾಯಿಯ ಯಂತ್ರದಿಂದ ಬಂದ ನೀರು ಒಂದು ಚಿಟಿಕೆ ಉಪ್ಪಿಗೆ 'ವಿಷ'ವಾಯಿತು! ಮೂರನೆಯದಕ್ಕೆ ನಲ್ಲಿಯ ನೀರು ಮತ್ತು ಮೊಳೆ. ಇದೂ ಬಣ್ಣ ತಿರುಗುತ್ತದೆ, ಆದರೆ ಮೆಲ್ಲಗೆ. ನಾಲ್ಕನೆಯದಕ್ಕೆ ಅದೇ ನಲ್ಲಿಯ ನೀರು, ಮೊಳೆಯ ಬದಲು ಪೆನ್ಸಿಲ್. ಗುಳ್ಳೆಗಳು ಬರುತ್ತವೆ, ಗ್ರಾಫೈಟಿನ ಪುಡಿ ಒಂದಿಷ್ಟು ಉದುರಿದರೂ ಉದುರಬಹುದು. ಕಂದು ಬಣ್ಣ ಮಾತ್ರ ಇಲ್ಲ. ನೀರಿನಲ್ಲೇ ಕೊಳೆ ಇದ್ದಿದ್ದರೆ ಪೆನ್ಸಿಲನ್ನು ಕಂಡು ನಾಚಿಕೊಂಡು ಅಡಗಬೇಕಾದ ಕಾರಣವೇನು?

(ಪೆನ್ಸಿಲ್ ಇರುವ ಲೋಟಕ್ಕೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಪ್ರಯೋಗಕ್ಕೆ ಬಳಸಿದ ನೀರನ್ನು ಕುಡಿಯಬೇಡಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.)

ಲೆಕ್ಕವನ್ನೂ ಮಾಡಬಹುದು. ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮದ ಪ್ರಕಾರ ಒಂದು ಕೂಲಂ ವಿದ್ಯುದಾವೇಶ ಹರಿದರೆ ಸುಮಾರು 0.29 ಮಿಲಿಗ್ರಾಂ ಕಬ್ಬಿಣ ಕರಗುತ್ತದೆ. ನಿಮ್ಮ ಮೂರನೆಯ ಲೋಟದಲ್ಲಿ 20 ಮಿಲಿಆಂಪಿಯರ್ ಹರಿಯಿತು ಎಂದುಕೊಳ್ಳಿ. ಹತ್ತು ನಿಮಿಷಕ್ಕೆ 12 ಕೂಲಂ, ಅಂದರೆ ಮೂರೂವರೆ ಮಿಲಿಗ್ರಾಂ ಕಬ್ಬಿಣ. 200 ಮಿಲಿಲೀಟರ್ ನೀರಿಗೆ ಇಷ್ಟು ಸೇರಿದರೆ ಲೀಟರಿಗೆ 17 ಮಿಲಿಗ್ರಾಂ ಆಯಿತು. ನೀರಿನ ಬಣ್ಣ ಕೆಡಿಸಲು ಇದು ಧಾರಾಳ. ಮೂರೂವರೆ ಮಿಲಿಗ್ರಾಂ ಕಳೆದುಕೊಂಡದ್ದು ಮೊಳೆಗೆ ಗೊತ್ತೇ ಆಗುವುದಿಲ್ಲ. ಮಾರಾಟಗಾರನ ಕಡ್ಡಿ ನೂರಾರು ಮನೆಗಳನ್ನು ಕಂಡರೂ ಸವೆದಂತೆ ಕಾಣದಿರುವುದಕ್ಕೆ ಇದೇ ಕಾರಣ.

ಇನ್ನೊಂದು ತಮಾಷೆ ಇದೆ. ಕಬ್ಬಿಣದ ಅಥವಾ ಅಲ್ಯೂಮಿನಿಯಂನ ಈ ಹೈಡ್ರಾಕ್ಸೈಡ್ ಗಷ್ಟು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಕೆರೆಯ ರಾಡಿ ನೀರಿಗೆ ಪಟಿಕ ಹಾಕಿ ತಿಳಿಯಾಗಿಸುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅಲ್ಲಿ ಕೆಲಸ ಮಾಡುವುದೂ ಇಂಥದೇ ಗಷ್ಟು. ಕಾರ್ಖಾನೆಗಳ ತ್ಯಾಜ್ಯ ನೀರಿನ ಶುದ್ಧೀಕರಣದಲ್ಲಿ ಕಬ್ಬಿಣದ ಹಾಳೆಗಳ ನಡುವೆ ವಿದ್ಯುತ್ ಹರಿಸಿ ಇದನ್ನೇ ಬೇಕೆಂದು ಮಾಡುವ ವಿಧಾನವೂ ಉಂಟು. ಅಂದರೆ ನೀರು ಕೊಳಕು ಎಂದು ತೋರಿಸಲು ತಂದ ಪೆಟ್ಟಿಗೆ ವಾಸ್ತವದಲ್ಲಿ ಒಂದು ಪುಟ್ಟ ನೀರು ಶುದ್ಧೀಕರಣ ಯಂತ್ರ.

ಪೆಟ್ಟಿಗೆಯ ನಂತರ ಚೀಲದಿಂದ ಹೊರಬರುವುದು ಪೆನ್ನಿನಾಕಾರದ ಟಿ.ಡಿ.ಎಸ್. ಮೀಟರು. ಅದ್ದಿದ ಕೂಡಲೇ ಅಂಕಿ ತೋರಿಸುತ್ತದೆ. ನಿಮ್ಮ ನೀರಿಗೆ 340, ಅವರದಕ್ಕೆ 22. ಅಂಕಿ ಕಂಡರೆ ನಮಗೆ ಗೌರವ ಜಾಸ್ತಿ. ಅದರಲ್ಲೂ ಹೊಳೆಯುವ ಅಂಕಿಯಾದರೆ ಕೈಮುಗಿಯುವುದೊಂದೇ ಬಾಕಿ. ಟಿ.ಡಿ.ಎಸ್. ಎಂದರೆ ಲೀಟರ್ ನೀರಿನಲ್ಲಿ ಕರಗಿರುವ ಘನವಸ್ತುಗಳ ಒಟ್ಟು ತೂಕ. ಆದರೆ ಈ ಪೆನ್ನು ಯಾವ ತೂಕವನ್ನೂ ಅಳೆಯುವುದಿಲ್ಲ. ಅದು ಅಳೆಯುವುದು ವಿದ್ಯುದ್ವಾಹಕತೆಯನ್ನು. ಬಂದ ಸಂಖ್ಯೆಯನ್ನು ಅರ್ಧದಷ್ಟೋ ಅದಕ್ಕಿಂತ ತುಸು ಹೆಚ್ಚೋ ಆದ ಒಂದು ಗುಣಕದಿಂದ ಗುಣಿಸಿ ಟಿ.ಡಿ.ಎಸ್. ಎಂದು ತೋರಿಸುತ್ತದೆ.

ಇದಕ್ಕೂ ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಲೋಟ ನೀರಿನ ಅಂಕಿ ಬರೆದುಕೊಂಡು ಎರಡು ಚಮಚ ಸಕ್ಕರೆ ಕರಗಿಸಿ. ಈಗ ಲೀಟರಿಗೆ ಹತ್ತಾರು ಸಾವಿರ ಮಿಲಿಗ್ರಾಂ ಘನವಸ್ತು ಕರಗಿದೆ. ಮೀಟರು ಮಾತ್ರ ಅಲ್ಲಾಡಲೊಲ್ಲದು. ಸಕ್ಕರೆ ಕರಗಿದರೂ ಅಯಾನುಗಳಾಗಿ ಒಡೆಯುವುದಿಲ್ಲವಲ್ಲ! ಇನ್ನು ಮೀಟರನ್ನು ತೊಳೆದು ಎಳನೀರಿಗೆ ಅದ್ದಿ. ಪೊಟ್ಯಾಸಿಯಂ ಲವಣಗಳ ದೆಸೆಯಿಂದ ಅಂಕಿ ಸಾವಿರಗಳಿಗೆ ಜಿಗಿಯುತ್ತದೆ. ಮಾರಾಟಗಾರನ ತರ್ಕದ ಪ್ರಕಾರ ಎಳನೀರು ಚರಂಡಿ ನೀರಿಗಿಂತ ಕಡೆ. ಅದೇ ಮೀಟರನ್ನು ಚಾವಣಿಯಿಂದ ಸುರಿದ ಮಳೆನೀರಿಗೆ ಅದ್ದಿದರೆ ಬಹಳ ಕಡಿಮೆ ಅಂಕಿ ಬರುತ್ತದೆ. ಚಾವಣಿಯ ಮೇಲೆ ಪಾರಿವಾಳಗಳು ಏನು ಮಾಡಿ ಹೋಗಿವೆ ಎಂಬುದನ್ನು ಮೀಟರು ಕೇಳುವುದಿಲ್ಲ.

ಗಾಬರಿ ಹುಟ್ಟಬೇಕಾದದ್ದು ಇಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500 ಎಂಬ ಮಾನದಂಡವಿದೆ. ಅದರ 2012ರ ಪರಿಷ್ಕೃತ ರೂಪದಂತೆ ಟಿ.ಡಿ.ಎಸ್. ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಸರಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಫ್ಲೋರೈಡಿಗೆ ಮಾತ್ರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಕಾಣಿಸಕೂಡದು. ಈಗ ಯೋಚಿಸಿ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು 1ರ ಬದಲು 3 ಮಿಲಿಗ್ರಾಂ ಇದ್ದರೆ ಅದು ಮಕ್ಕಳ ಹಲ್ಲು ಮೂಳೆಗಳಿಗೆ ಕೇಡು. ಆದರೆ ಮೀಟರಿನಲ್ಲಿ ಆಗುವ ವ್ಯತ್ಯಾಸ ಎರಡು ಮೂರು ಅಂಕಿಯಷ್ಟೆ. ನೀರು ತುಸು ಬೆಚ್ಚಗಾದರೂ ಅಷ್ಟು ಏರಿಳಿತ ಇದ್ದದ್ದೇ. ಬ್ಯಾಕ್ಟೀರಿಯಾಗಳ ಸುದ್ದಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಒಡೆದ ಕೊಳಾಯಿಗೆ ಚರಂಡಿ ನೀರು ಅಷ್ಟಿಷ್ಟು ಬೆರೆತಿರುವ ಮನೆಯವರು '180 ಇದೆ, ಪರವಾಗಿಲ್ಲ' ಎಂದು ನಿಶ್ಚಿಂತೆಯಿಂದ ಕುಡಿಯುತ್ತಾರೆ. ಒಳ್ಳೆಯ ನೀರಿನವರು '340' ಕಂಡು ಹೆದರಿ ಯಂತ್ರ ಕೊಳ್ಳುತ್ತಾರೆ.

ಹಾಗೆಂದು ಯಂತ್ರವೇ ಮೋಸ ಎನ್ನುವಂತಿಲ್ಲ. ರಿವರ್ಸ್ ಆಸ್ಮಾಸಿಸ್ ಅಪ್ಪಟ ವಿಜ್ಞಾನ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ, ತುಮಕೂರಿನ ಪಾವಗಡ ಕಡೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದೆ. ಅದನ್ನು ಕುದಿಸಿದರೂ ಹೋಗದು, ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್.ಓ. ಪೊರೆ ಅದರ ಬಹುಪಾಲನ್ನು ತಡೆಯುತ್ತದೆ. ಅಲ್ಲಿ ಅದು ಐಷಾರಾಮವಲ್ಲ. ಆದರೆ 500ರೊಳಗಿನ ಟಿ.ಡಿ.ಎಸ್. ಇರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ದೂರ ಏರಿಸಿ ತಂದು, ಮನೆಯೊಳಗೆ ಅದರ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ ಹಿಂದಿನ ಕೊಳವೆಯಿಂದ ಬಚ್ಚಲಿಗೆ ಬಿಡುವುದು ಬೇರೆಯೇ ಮಾತು. ಮನೆಯ ಯಂತ್ರಗಳು ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಚೆಲ್ಲುವುದು ಸಾಮಾನ್ಯ. ಹಿಂದಿನ ಕೊಳವೆಗೆ ಒಂದು ಬಕೆಟ್ ಇಟ್ಟು ನಿಮ್ಮದು ಎಷ್ಟು ಚೆಲ್ಲುತ್ತದೆ ಎಂದು ಅಳೆಯಿರಿ. ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವಲ್ಲಿ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದೂ ಇದೇ ಕಾರಣಕ್ಕೆ.

ನೀರಿನ ಬಣ್ಣ ಬದಲಾದದ್ದನ್ನು ನಂಬಲೇಬೇಕಾದ ಪರೀಕ್ಷೆಯೂ ಒಂದಿದೆ. 1982ರಲ್ಲಿ ಗ್ವಾಲಿಯರಿನ ಮಂಜಾ ಮತ್ತು ಸಂಗಡಿಗರು ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ ಅದು. ಪೋಷಕಾಂಶ ಮತ್ತು ಕಬ್ಬಿಣದ ಲವಣ ಹೀರಿಸಿದ ಕಾಗದವಿರುವ ಪುಟ್ಟ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಡುತ್ತಾರೆ. ಮಲದಿಂದ ಬರುವ ಬ್ಯಾಕ್ಟೀರಿಯಾಗಳಿದ್ದರೆ ಅವುಗಳ ಜೊತೆ ಇರುವ ಕೆಲವು ಜಾತಿಗಳು ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಅದು ಕಬ್ಬಿಣದೊಂದಿಗೆ ಸೇರಿ ನೀರು ಕಪ್ಪಾಗುತ್ತದೆ. ಇಲ್ಲಿಯೂ ಕಬ್ಬಿಣ ಹೊರಗಿನಿಂದಲೇ ಬಂದದ್ದು. ವ್ಯತ್ಯಾಸವಿಷ್ಟೆ: ಕುದಿಸಿ ಆರಿಸಿದ ನೀರನ್ನು ಇದೇ ಸೀಸೆಗೆ ತುಂಬಿದರೆ ಕಪ್ಪಾಗುವುದಿಲ್ಲ. ಹಳ್ಳಿಗಳಲ್ಲಿ ಈ ಸೀಸೆಗಳು ಬಳಕೆಯಲ್ಲಿವೆ. ಫ್ಲೋರೈಡು, ನೈಟ್ರೇಟುಗಳ ಪರೀಕ್ಷೆಯನ್ನು ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಮಾಡಿಸಬಹುದು. ಅಲ್ಲಿಂದ ಬಂದ ವರದಿ ಹೊಳೆಯುವುದಿಲ್ಲ, ನೊರೆಯೂ ಬರುವುದಿಲ್ಲ. ಯಂತ್ರ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ಆ ಕಾಗದ ನೋಡಿ.

ಎಲ್ಲ ಉಪಕರಣಗಳನ್ನೂ ಹೀಗೆ ಮನೆಯಲ್ಲೇ ಪರೀಕ್ಷಿಸಲಾಗದು. ಉದಾಹರಣೆಗೆ, ನಮಗೆ ಕೇಳದ ಶಬ್ದ ಹೊರಡಿಸಿ ಸೊಳ್ಳೆ ಓಡಿಸುತ್ತದೆ ಎನ್ನುವ ಪ್ಲಗ್ಗುಗಳು, ಮೊಬೈಲ್ ಆ್ಯಪುಗಳು. ತೋಳು ಚಾಚಿ ಕುಳಿತು ಎಣಿಸೋಣವೆಂದರೆ ಡೆಂಗಿಯ ಕಾಲ. ಅದೃಷ್ಟಕ್ಕೆ ಬೇರೆಯವರು ಎಣಿಸಿದ್ದಾರೆ. ಹತ್ತು ಕ್ಷೇತ್ರಾಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಉಪಕರಣ ಇದ್ದಾಗಲೂ ಇಲ್ಲದಾಗಲೂ ಮೈಮೇಲೆ ಕೂರುವ ಸೊಳ್ಳೆಗಳ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲ. ಸೊಳ್ಳೆಪರದೆಯೇ ವಾಸಿ.

ವಿದ್ಯುತ್ ಉಳಿಸುವ ಪೆಟ್ಟಿಗೆಯನ್ನು ಮಾತ್ರ ನೀವೇ ಪರೀಕ್ಷಿಸಬಹುದು. ಪ್ಲಗ್ಗಿಗೆ ಚುಚ್ಚಿದರೆ ಹಸಿರು ದೀಪ ಉರಿಯುತ್ತದೆ, ಬಿಲ್ಲು ಶೇಕಡಾ 30-40 ಇಳಿಯುತ್ತದೆ ಎಂಬ ಜಾಹೀರಾತು ನೋಡಿರುತ್ತೀರಿ. ಇದರ ಪ್ರದರ್ಶನವೂ ಮೊದಲಿನದರ ಜಾಯಮಾನದ್ದೇ. ಒಂದು ಸಣ್ಣ ಮೋಟಾರು ಓಡುತ್ತಿರುತ್ತದೆ. ತಂತಿಗೆ ಕ್ಲಾಂಪ್ ಮೀಟರ್ ಹಾಕಿದರೆ 1 ಆಂಪಿಯರ್. ಪೆಟ್ಟಿಗೆ ಚುಚ್ಚಿದರೆ 0.7. ಚಪ್ಪಾಳೆ!

ಇಲ್ಲಿಯೂ ಮೀಟರು ಸುಳ್ಳು ಹೇಳಿಲ್ಲ. ಪೆಟ್ಟಿಗೆಯೊಳಗೆ ಇರುವುದು ಒಂದು ಕೆಪಾಸಿಟರು. ಮೋಟಾರಿಗೆ ಹರಿಯುವ ವಿದ್ಯುತ್ತನ್ನು ಒಂದು ಬಸ್ಸಿಗೆ ಹೋಲಿಸಿ. ಕೆಲವು ಪ್ರಯಾಣಿಕರು ಊರಿಗೆ ಹೋಗಿ ಇಳಿದು ಕೆಲಸ ಮಾಡುತ್ತಾರೆ. ಇನ್ನು ಕೆಲವರು ಇಳಿಯುವುದೇ ಇಲ್ಲ, ಹೋದ ಬಸ್ಸಿನಲ್ಲೇ ವಾಪಸು. ಕ್ಲಾಂಪ್ ಮೀಟರು ಬಸ್ಸಿನಲ್ಲಿ ಕುಳಿತವರನ್ನೆಲ್ಲ ಎಣಿಸುತ್ತದೆ. ಮನೆಯ ವಿದ್ಯುತ್ ಮೀಟರು ಎಣಿಸುವುದು ಕೆಲಸ ಮಾಡಿದವರನ್ನು ಮಾತ್ರ. ಕೆಪಾಸಿಟರು ಈ ಸುಮ್ಮನೆ ಓಡಾಡುವವರನ್ನು ಮೋಟಾರಿನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತದೆ. ಬಸ್ಸು ಖಾಲಿಯಾಗುತ್ತದೆ ನಿಜ, ಆದರೆ ಅವರಿಗೆ ನೀವು ಮೊದಲೂ ಟಿಕೆಟ್ ಕೊಳ್ಳುತ್ತಿರಲಿಲ್ಲ. 230 ವೋಲ್ಟ್, 1 ಆಂಪಿಯರ್, ಪವರ್ ಫ್ಯಾಕ್ಟರ್ 0.7 ಎಂದರೆ 161 ವಾಟ್. 230 ವೋಲ್ಟ್, 0.7 ಆಂಪಿಯರ್, ಪವರ್ ಫ್ಯಾಕ್ಟರ್ 1 ಎಂದರೂ 161 ವಾಟ್. ಕಾರ್ಖಾನೆಗಳಿಗೆ ಪವರ್ ಫ್ಯಾಕ್ಟರ್ ತಗ್ಗಿದರೆ ದಂಡ ಬೀಳುವುದರಿಂದ ಅಲ್ಲಿ ಕೆಪಾಸಿಟರುಗಳಿಗೆ ಅರ್ಥವಿದೆ. ಮನೆಯಲ್ಲಿ ಉಳಿಯುವುದು ಗೋಡೆಯೊಳಗಿನ ತಂತಿ ಬಿಸಿಯಾಗುವ ನಷ್ಟದ ಒಂದು ಪಾಲು ಮಾತ್ರ. ತಂತಿಯ ರೋಧ ಅರ್ಧ ಓಂ ಇದ್ದರೆ ಕಾಲು ವಾಟ್. ಮೋಟಾರನ್ನು ತಿಂಗಳೆಲ್ಲ ಹಗಲಿರುಳು ಓಡಿಸಿದರೂ ಒಂದು ಯೂನಿಟ್ಟಿನ ಐದನೇ ಒಂದು ಭಾಗ ಉಳಿಯದು.

ಪರೀಕ್ಷೆಗೆ ಯಾವ ಪೆಟ್ಟಿಗೆಯನ್ನೂ ಬಿಚ್ಚಬೇಕಾಗಿಲ್ಲ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಮಿನುಗುವ ಕೆಂಪು ದೀಪವಿದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ, 3200 ಎಂದಿಟ್ಟುಕೊಳ್ಳಿ. ಫ್ರಿಜ್ಜು, ದೀಪ, ಟಿ.ವಿ. ಎಲ್ಲ ಆರಿಸಿ ಸಂಪಿನ ಮೋಟಾರೊಂದನ್ನೇ ಹಾಕಿ. ಅದು 500 ವಾಟ್ ಎಳೆಯುತ್ತಿದ್ದರೆ ನೂರು ಮಿನುಗಿಗೆ 225 ಸೆಕೆಂಡು ಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಣಿಸಿ. ಆಮೇಲೆ ಪೆಟ್ಟಿಗೆ ಚುಚ್ಚಿ ಮತ್ತೆ ನೂರು. ಬಿಲ್ಲು ಶೇಕಡಾ 30 ಇಳಿಯುವುದಾದರೆ 225 ಸೆಕೆಂಡು ಇದ್ದದ್ದು 320ರ ಆಸುಪಾಸಿಗೆ ಏರಬೇಕು. ಒಂದೂವರೆ ನಿಮಿಷದ ಈ ಅಂತರ ಎಣಿಕೆಯ ತಪ್ಪಿನಲ್ಲಿ ಅಡಗಿಕೊಳ್ಳುವಂಥದ್ದಲ್ಲ. ಸಂಜೆಗಿಂತ ರಾತ್ರಿ ವೋಲ್ಟೇಜು ಹೆಚ್ಚಿರುವುದುಂಟು. ಆದ್ದರಿಂದ ಪೆಟ್ಟಿಗೆ ಹಾಕಿ ಒಮ್ಮೆ, ತೆಗೆದು ಒಮ್ಮೆ, ಹೀಗೆ ಒಂದಾದ ಮೇಲೊಂದರಂತೆ ಮೂರು ಮೂರು ಸಲ ಎಣಿಸುವುದು ಒಳ್ಳೆಯದು. ಹಾಕುವ ತೆಗೆಯುವ ಕೆಲಸ ಮಕ್ಕಳಿಗಿರಲಿ. ಮೀಟರಿನ ಮುಂದೆ ನಿಂತು ಎಣಿಸುವವರಿಗೆ, ಪೆಟ್ಟಿಗೆ ಯಾವಾಗ ಇತ್ತು ಯಾವಾಗ ಇರಲಿಲ್ಲ ಎಂಬುದನ್ನು ಆರೂ ಅಂಕಿ ಬರೆದು ಮುಗಿಯುವವರೆಗೆ ಹೇಳಬೇಡಿ.